ನೂರು ಹೆಂಗಸರು, ಒಂದು ವರ್ಷ

ಜನವರಿ 14, 2014, ಮಂಗಳವಾರ
ಅಲ್ ಐನ್

ಮಧ್ಯಾಹ್ನ ಒಂದರಿಂದ ನಾಲ್ಕೂವರೆಯವರೆಗೆ ಫಾರ್ಮಸಿಗೆ ಬಾಗಿಲು ಹಾಕಿರುತ್ತೇವೆ. ಉಳಿದವರೆಲ್ಲ ಈ ಹೊತ್ತಿನಲ್ಲಿ ಮಲಗುತ್ತಾರೆ. ನನಗೆ ಹಗಲುನಿದ್ದೆ ಬಾರದು. ಔಷಧ ಕಂಪನಿಯವರು ಕೊಟ್ಟ ಹೊಸ ಡೈರಿ ಎರಡು ವಾರದಿಂದ ಖಾಲಿ ಬಿದ್ದಿತ್ತು, ಕನ್ನಡದಲ್ಲಿ ಬರೆಯೋಣ ಅನ್ನಿಸಿತು. ಮನೆಯಲ್ಲಿ ನಾವಾಡುವುದು ಕೊಂಕಣಿ. ಅಂಗಡಿಯಲ್ಲಿ ಹಿಂದಿ, ಇಂಗ್ಲಿಷ್, ಒಂದಿಷ್ಟು ಅರಬ್ಬಿ. ಶಿರ್ವದ ಶಾಲೆಯಲ್ಲಿ ಕಲಿತ ಕನ್ನಡ ಗಲ್ಫಿಗೆ ಬಂದ ಹದಿನಾರು ವರ್ಷಗಳಿಂದ ಸುಮ್ಮನೆ ಕೂತಿದೆ. ನನ್ನ ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ. ಅದೂ ಒಂದು ಅನುಕೂಲವೇ.

ಇವತ್ತು ಫಹಮೀದಾ ಟೀಚರ್ ಬಂದಿದ್ದರು. ಭಟ್ಕಳದವರು, ಇಲ್ಲಿನ ಇಂಡಿಯನ್ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಗಂಡ ಮೊಹಿಯುದ್ದೀನರಿಗೆ ಇಲ್ಲಿನ ಪೇಟೆಯಾದ ಸೂಕ್‌ನಲ್ಲಿ ಬಟ್ಟೆ ಅಂಗಡಿ. ನನ್ನೊಡನೆ ಕನ್ನಡ ಮಾತಾಡುವ ನಾಲ್ಕೈದು ಗಿರಾಕಿಗಳಲ್ಲಿ ಟೀಚರ್ ಒಬ್ಬರು. ಬೇರೆಯವರು ಹೋಗುವವರೆಗೆ ಶಾಂಪೂ ಬಾಟಲಿಗಳನ್ನು ನೋಡುತ್ತ ನಿಂತು, ಆಮೇಲೆ ಕೌಂಟರಿಗೆ ಬಂದು, "ಆಗಸ್ಟಿನ್ ಅವ್ರೇ, ನನ್ನದು ಕೊಡಿ" ಎನ್ನುತ್ತಾರೆ. ನಾನು ಮಾತ್ರೆಯ ಪಟ್ಟಿಗಳನ್ನು ಕಪ್ಪು ಕವರಿನಲ್ಲಿ ಹಾಕಿ ಕೊಡುತ್ತೇನೆ. ಒಂದೂಕಾಲು ವರ್ಷದಿಂದ ಇದು ನಡೆದಿದೆ. ಒಂದು ದಿನವೂ ನಾನು ಒಂದು ಪ್ರಶ್ನೆ ಕೇಳಿದವನಲ್ಲ. ಹೆಂಗಸರು ಎದುರಿನ ಎರಡು ಫಾರ್ಮಸಿ ಬಿಟ್ಟು ನನ್ನ ಕೌಂಟರಿಗೆ ಬರುವುದು ಇದಕ್ಕೇ. ನಾನು ತಲೆ ಎತ್ತಿ ನೋಡುವುದಿಲ್ಲ.

ಇವತ್ತು ತಲೆನೋವಿನ ಮಾತ್ರೆಯನ್ನೂ ಕೇಳಿದರು. "ನೋವು ಬರುವ ಮೊದಲು ಕಣ್ಣೆದುರು ಬೆಳಕಿನ ಗರಗಸ ಓಡಿದ ಹಾಗೆ ಆಗ್ತದೆ. ಬೋರ್ಡಿನಲ್ಲಿ ಅರ್ಧ ಕಾಣುದೇ ಇಲ್ಲ" ಎಂದರು. ಉತ್ತರಪತ್ರಿಕೆ ತಿದ್ದುವುದು ಹೆಚ್ಚಾಗಿರಬೇಕು, ಕನ್ನಡಕ ಪರೀಕ್ಷೆ ಮಾಡಿಸಿ ಎಂದೆ. ಎರಡನ್ನೂ ಒಂದೇ ಕವರಿನಲ್ಲಿ ಹಾಕಿ ಕೊಟ್ಟೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಮೂವರು ಮಕ್ಕಳಿಗೂ ಪರೀಕ್ಷೆ ಹತ್ತಿರ ಬಂತು. ಮನೆಯವಳು ಅದೇ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಬೆಳಿಗ್ಗೆ ಐದಕ್ಕೇ ಏಳುತ್ತಾಳೆ. ಯಾವುದಕ್ಕೂ ದೂರುವವಳಲ್ಲ.

ಫೆಬ್ರವರಿ 9, ಭಾನುವಾರ

ಎರಡು ದಿನ ಧೂಳುಗಾಳಿ. ಕೆಮ್ಮಿನ ಔಷಧ ಕಪಾಟಿನಲ್ಲಿ ನಿಲ್ಲುತ್ತಿಲ್ಲ.

ಫಹಮೀದಾ ಟೀಚರ್ ಬಂದಿದ್ದರು. ಕನ್ನಡಕದ ನಂಬರ್ ಸರಿ ಇದೆಯಂತೆ. ತಲೆನೋವಿನ ಮುಂಚೆ ಈಗ ಬಲಗೈ ಬೆರಳು ಜೋಮು ಹಿಡಿಯುತ್ತದಂತೆ. ವಿಟಮಿನ್ ಕೊಟ್ಟೆ. "ನನ್ನದು" ಮೂರು ಪಟ್ಟಿ ಒಟ್ಟಿಗೇ ತೆಗೆದುಕೊಂಡರು.

ಮಾರ್ಚ್ 2, ಭಾನುವಾರ

ಮನೆಯವಳು ಬಸ್ಸಿನ ಕೆಲಸ ಮುಗಿಸಿ ಬಂದಾಗ ಮುಖ ಬಿಳುಚಿತ್ತು. ಶಾಲೆಯಲ್ಲಿ ಯಾರೋ ಟೀಚರ್ ಪಾಠ ಮಾಡುತ್ತಲೇ ಬಿದ್ದರಂತೆ, ಆಂಬುಲೆನ್ಸ್ ಬಂತಂತೆ, ಏಳನೇ ತರಗತಿಯ ಮಕ್ಕಳು ಬಸ್ಸಿನಲ್ಲೂ ಅಳುತ್ತಿದ್ದರಂತೆ. ಯಾರೆಂದು ಅವಳಿಗೆ ಗೊತ್ತಾಗಲಿಲ್ಲ. ಸಕ್ಕರೆ ಕಡಿಮೆಯಾಗಿರಬೇಕು, ಈ ಟೀಚರುಗಳು ಬೆಳಿಗ್ಗೆ ಏನೂ ತಿನ್ನುವುದಿಲ್ಲ ಎಂದೆ.

ಮಾರ್ಚ್ 5, ಬುಧವಾರ

ನಿನ್ನೆ ಸಂಜೆ ಬಾಗಿಲು ತೆರೆದು ಹತ್ತು ನಿಮಿಷವೂ ಆಗಿರಲಿಲ್ಲ, ಮೊಹಿಯುದ್ದೀನ್ ಬಂದರು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಬಿದ್ದಿತ್ತು. ಕೌಂಟರಿನ ಮೇಲೆ ಒಂದು ಮಾತ್ರೆಯ ಪಟ್ಟಿ ಇಟ್ಟರು. ಇಪ್ಪತ್ತೊಂದರಲ್ಲಿ ಹದಿಮೂರು ಖಾಲಿ.

"ಇದು ಎಂತದ್ದು?" ಎಂದರು.

ಕೂತುಕೊಳ್ಳಿ ಎಂದೆ. ಕೂರಲಿಲ್ಲ.

"ಡಾಕ್ಟರ್ ಇಂಗ್ಲಿಷಲ್ಲಿ ಹೇಳಿ ಆಯ್ತು. ನೀವು ಕನ್ನಡದಲ್ಲಿ ಹೇಳಿ. ಇದು ಎಂತದ್ದು?"

ಪಟ್ಟಿಯನ್ನು ತಿರುಗಿಸಿ ನೋಡಿದೆ. ಕಡೆಗೆ, "ಮಕ್ಕಳಾಗದ ಹಾಗೆ ತಗೊಳ್ಳುವ ಮಾತ್ರೆ" ಎಂದೆ. ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ ಇದ್ದ, ಪಾಕಿಸ್ತಾನಿ. ಅವನಿಗೆ ತಿಳಿಯಲಿಲ್ಲ, ಆದರೂ ನನ್ನ ಧ್ವನಿ ತಗ್ಗಿತು.

"ಎಷ್ಟು ಸಮಯದಿಂದ ಕೊಡ್ತಾ ಇದ್ದೀರಿ?"

"ಒಂದೂವರೆ ವರ್ಷ ಆಗ್ತಾ ಬಂತು."

"ಯಾರು ಕೊಡ್ಲಿಕ್ಕೆ ಹೇಳಿದ್ದು?"

"ಟೀಚರೇ ಕೇಳಿದ್ದು. ಇದಕ್ಕೆ ಡಾಕ್ಟರ ಚೀಟಿ ಬೇಡ."

ಅವರು ಬೊಬ್ಬೆ ಹಾಕುತ್ತಾರೆಂದು ಕಾದೆ. ಹಾಕಲಿಲ್ಲ. ಭಾನುವಾರ ತರಗತಿಯಲ್ಲಿ ಬಿದ್ದದ್ದು ಫಹಮೀದಾ. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಬಲಗೈ, ಬಲಗಾಲು ಎತ್ತಲಾಗುತ್ತಿಲ್ಲ. ಮಾತಿಲ್ಲ. ಏನೇನು ಔಷಧ ತೆಗೆದುಕೊಳ್ಳುತ್ತಿದ್ದರು ಎಂದು ಡಾಕ್ಟರು ಕೇಳಿದಾಗ ಮೊಹಿಯುದ್ದೀನ್ "ಏನಿಲ್ಲ" ಎಂದಿದ್ದರು. ಹದಿಮೂರು ವರ್ಷದ ಮಗಳು ಹಮ್ನಾ ಮನೆಗೆ ಹೋಗಿ ಹೊಲಿಗೆ ಡಬ್ಬಿಯಿಂದ ಈ ಪಟ್ಟಿ ತಂದು ಕೊಟ್ಟಳಂತೆ.

"ತಲೆನೋವಿದ್ದವರು ಇದನ್ನು ತಗೊಳ್ಳಲೇ ಬಾರದಿತ್ತಂತೆ. ಹೌದಾ?"

"ಎಲ್ಲ ತಲೆನೋವಿಗೂ ಅಲ್ಲ..."

"ಅವಳ ತಲೆನೋವಿಗೆ?"

"ಹೌದು."

"ನಿಮಗೆ ಅವಳು ಹೇಳಿದ್ದಳಾ, ತಲೆನೋವಿದ್ದದ್ದು?"

ಇಲ್ಲ ಎನ್ನಬಹುದಿತ್ತು. ಹೇಳಿದ್ದರು ಎಂದೆ. ಅವರು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಮಾರ್ಚ್ 6, ಗುರುವಾರ

ಏನೂ ಬರೆಯಲಾರೆ.

ಮಾರ್ಚ್ 7, ಶುಕ್ರವಾರ

ಪ್ರತಿ ಪೆಟ್ಟಿಗೆಯೊಳಗೆ ಮಡಿಸಿದ ಕಾಗದ ಇರುತ್ತದೆ. ಒಂದು ಬದಿ ಅರಬ್ಬಿ, ಇನ್ನೊಂದು ಬದಿ ಇಂಗ್ಲಿಷ್, ಇರುವೆಯಂಥ ಅಕ್ಷರ. ಇವತ್ತು ಅದನ್ನು ಬಿಡಿಸಿ ಓದಿದೆ. ಮಾತ್ರೆಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇರುವುದರಿಂದ ಯಾರು ತೆಗೆದುಕೊಳ್ಳಬಾರದು ಎನ್ನುವ ಪಟ್ಟಿ ಇದೆ. ರಕ್ತದೊತ್ತಡ ಹೆಚ್ಚಿದ್ದವರು. ಮೂವತ್ತೈದು ದಾಟಿ ಸಿಗರೇಟು ಸೇದುವವರು. ಹಿಂದೆ ರಕ್ತ ಹೆಪ್ಪುಗಟ್ಟಿದವರು. ಮುನ್ಸೂಚನೆಯೊಡನೆ ಬರುವ ಮೈಗ್ರೇನ್ ಇದ್ದವರು. ಮುನ್ಸೂಚನೆ ಎಂದರೆ ಕಣ್ಣೆದುರಿನ ಬೆಳಕು, ಬೆರಳಿನ ಜೋಮು. ಇದು ನನಗೆ ಗೊತ್ತಿಲ್ಲದ್ದಲ್ಲ. ಮಣಿಪಾಲದಲ್ಲಿ ಎರಡನೇ ವರ್ಷದ ಪರೀಕ್ಷೆಗೆ ಬರೆದಿದ್ದೇನೆ. ಐದು ಅಂಕದ ಪ್ರಶ್ನೆ.

ನನ್ನನ್ನು ಬಿಟ್ಟರೆ ಈ ಎರಡನ್ನು ಒಟ್ಟಿಗೆ ಇಟ್ಟು ನೋಡಬಲ್ಲವರು ಯಾರೂ ಇರಲಿಲ್ಲ. ತಲೆನೋವಿನ ವಿಷಯ ಗಂಡನಿಗೆ ಗೊತ್ತಿತ್ತು, ಮಾತ್ರೆ ಗೊತ್ತಿರಲಿಲ್ಲ.

ಮೊಹಿಯುದ್ದೀನ್ ಆರೋಗ್ಯ ಇಲಾಖೆಗೆ ದೂರು ಕೊಟ್ಟರೆ ನನ್ನ ಲೈಸೆನ್ಸ್ ಹೋಗಬಹುದು. ಕೊಡಲಿ ಎಂದು ಬೆಳಿಗ್ಗೆ ಅನ್ನಿಸಿತ್ತು. ಈಗ ಕೊಡದಿದ್ದರೆ ಸಾಕು ಅನ್ನಿಸುತ್ತಿದೆ. ಎರಡೂ ನಿಜ.

ಮಾರ್ಚ್ 18, ಮಂಗಳವಾರ

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ವಾರ್ಡಿನ ಹೊರಗೆ ಹಮ್ನಾ ಶಾಲೆಯ ಸಮವಸ್ತ್ರದಲ್ಲೇ ಕೂತಿದ್ದಳು. ನನ್ನ ಗುರುತು ಅವಳಿಗಿತ್ತು. ಕನ್ನಡದಲ್ಲಿ, "ಅಮ್ಮ ಹೇಗಿದ್ದಾರೆ?" ಎಂದು ಕೇಳಿದೆ.

"ಬೆಟರ್. ದೇ ಮೇಕ್ ಹರ್ ವಾಕ್ ಎವ್ರಿ ಡೇ" ಎಂದಳು. ಆಮೇಲೆ ಶೂವಿನ ಲೇಸನ್ನು ನೋಡುತ್ತ, "ಶಿ ಕಾಂಟ್ ಸೇ ಮೈ ನೇಮ್, ಅಂಕಲ್. ಶಿ ನೋಸ್ ಇಟ್. ಇಟ್ ಡಸಂಟ್ ಕಮ್ ಔಟ್" ಎಂದಳು.

ತೆಗೆದುಕೊಂಡು ಹೋದ ಕಿತ್ತಳೆ ಹಣ್ಣಿನ ಚೀಲವನ್ನು ಅವಳ ಪಕ್ಕದಲ್ಲಿ ಇಟ್ಟು ಬಂದೆ.

ಏಪ್ರಿಲ್ 3, ಗುರುವಾರ

ಎರಡು ವಾರದಿಂದ ಆ ಮಾತ್ರೆ ಕೇಳಿದವರಿಗೆಲ್ಲ ನಾಲ್ಕು ಪ್ರಶ್ನೆ ಕೇಳುತ್ತಿದ್ದೇನೆ. ಮೊದಲ ದಿನ ಬಂದ ಫಿಲಿಪಿನೋ ಹುಡುಗಿ ಎಲ್ಲದಕ್ಕೂ ಪಟಪಟ ಉತ್ತರ ಕೊಟ್ಟು, ಥ್ಯಾಂಕ್ಯೂ ಎಂದಳು. ಒಬ್ಬರು ಈಜಿಪ್ಟಿನವರು ಪೆಟ್ಟಿಗೆಯನ್ನು ಕೌಂಟರಿನ ಮೇಲೇ ಬಿಟ್ಟು ನಡೆದರು. ಮ್ಯಾನೇಜರ್ ನನ್ನನ್ನು ಬದಿಗೆ ಕರೆದು, "ನೀನೇನು ಪೊಲೀಸಾ?" ಎಂದ. ನಮ್ಮವರು ಮಾತ್ರ ನಾನು ಕೇಳಿದ ಕೂಡಲೇ ನೆಲ ನೋಡುತ್ತಾರೆ.

ಇವತ್ತು ಶಮೀಮ ಬಂದಿದ್ದಳು. ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗಿ, ಇಪ್ಪತ್ತೊಂಬತ್ತು ವರ್ಷ, ಮೂರು ಮಕ್ಕಳು. ಗಂಡ ಮುಝಮ್ಮಿಲ್ ಬನಿಯಾಸಿನಲ್ಲಿ ಗೋದಾಮಿನ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಅವಳ ರಕ್ತದೊತ್ತಡ ನೋಡಿದೆ. ನೂರಾ ಅರವತ್ತು, ನೂರು. ಎರಡು ಸಲ ನೋಡಿದರೂ ಅಷ್ಟೇ.

"ಇದು ನಿಮಗೆ ಆಗ್ಲಿಕ್ಕಿಲ್ಲ. ಡಾಕ್ಟರಿಗೆ ತೋರಿಸ್ಬೇಕು" ಎಂದೆ.

"ಹಾಗಾದ್ರೆ ನಾನು ಎಂತ ಮಾಡ್ಬೇಕು?" ಎಂದಳು. "ಇದು ಬೇಡ ಅಂತ ಹೇಳಿ ಕಳ್ಸಿದ್ರೆ ಶುಕ್ರವಾರ ಅವ್ರು ಬರ್ತಾರೆ ಮಾರಾಯ್ರೆ. ಬೇರೆ ಎಂತ ಉಂಟು, ಹೇಳಿ!"

ಬೇರೆ ಎಷ್ಟೋ ಇದೆ. ಹೇಳಲು ಹೊರಟರೆ ನನ್ನ ಬಾಯಲ್ಲಿ ಇರುವುದೆಲ್ಲ ಇಂಗ್ಲಿಷು. ಅವಳಿಗೆ ಅಷ್ಟು ಇಂಗ್ಲಿಷ್ ಬಾರದು. ಕನ್ನಡದಲ್ಲಿ ಬರೆದು ಕೊಡುತ್ತೇನೆ, ಮುಂದಿನ ವಾರ ಬನ್ನಿ ಎಂದೆ. ಈ ವಾರಕ್ಕೆ ನಿರೋಧ್ ಕೊಟ್ಟೆ. ಅವಳು ಅದನ್ನು ಮುಟ್ಟದೆ, ಕೈಚೀಲದ ಬಾಯಿ ತೆರೆದು ಹಿಡಿದಳು. ನಾನೇ ಒಳಗೆ ಹಾಕಿದೆ.

ಏಪ್ರಿಲ್ 18, ಶುಭ ಶುಕ್ರವಾರ

ಮನೆಯವಳು, ಲೂರ್ದ್, ಮಕ್ಕಳನ್ನು ಕರೆದುಕೊಂಡು ಚರ್ಚಿಗೆ ಬೇಗ ಹೋದಳು. ನಾನು ಮೂರು ಗಂಟೆಯ ಪ್ರಾರ್ಥನೆಗೆ ಹೋದರಾಯಿತೆಂದು ಉಳಿದುಕೊಂಡು ಶಮೀಮಳಿಗೆ ಕೊಡುವ ಕಾಗದ ಬರೆಯಲು ಕೂತೆ. ಇಂಥ ದಿನ ಇಂಥದ್ದನ್ನು ಬರೆಯಬಾರದು ಎಂದು ಮನಸ್ಸಿಗೆ ಬಂತು. ಆದರೂ ಬರೆದೆ. ಮುಂದಿನ ವಾರ ಎಂದವನು ಶಮೀಮಳನ್ನು ಎರಡು ಸಲ ಬರಿಗೈಯಲ್ಲಿ ಕಳಿಸಿದ್ದೇನೆ.

ಲೆಕ್ಕ ಹೀಗಿದೆ. ನೂರು ಹೆಂಗಸರು ಒಂದು ವರ್ಷ ಒಂದೊಂದು ದಾರಿ ಹಿಡಿದರು ಎಂದುಕೊಳ್ಳಬೇಕು. ಏನೂ ಮಾಡದಿದ್ದರೆ ವರ್ಷದ ಕೊನೆಗೆ ಎಂಬತ್ತೈದು ಮಂದಿ ಬಸುರಿ. ಗಂಡಸು ಕೊನೆಯಲ್ಲಿ ಹಿಂದೆ ಸರಿಯುತ್ತೇನೆ ಎಂದು ಮಾತು ಕೊಟ್ಟರೆ ಇಪ್ಪತ್ತೆರಡು. ದಿನ ಎಣಿಸುವವರಲ್ಲಿ ಇಪ್ಪತ್ನಾಲ್ಕು. ನಿರೋಧ್ ಹದಿನೆಂಟು, ತಪ್ಪದೆ, ಸರಿಯಾಗಿ ಬಳಸಿದರೆ ಎರಡೇ, ಆದರೆ ಮನುಷ್ಯರು ಹಾಗೆ ಬಳಸುವುದಿಲ್ಲ. ಮಾತ್ರೆ ಒಂಬತ್ತು, ಅದೂ ಮರೆತವರಿಂದ. ಮೂರು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ಆರು. ಗರ್ಭಕೋಶದೊಳಗೆ ಇಡುವ ತಾಮ್ರದ ಟಿ, ನೂರರಲ್ಲಿ ಒಬ್ಬರೂ ಪೂರ್ತಿ ಇಲ್ಲ. ಹೆಂಗಸಿನ ಆಪರೇಷನ್ನೂ ಅಷ್ಟೇ. ಗಂಡಸಿನ ಆಪರೇಷನ್ ಅದಕ್ಕಿಂತಲೂ ಕಡಿಮೆ.

ಅಂಕಿ ಬರೆಯುವುದು ಸುಲಭ. ಮಾತು ಹುಡುಕುವುದೇ ಕಷ್ಟ. ನಾನು ಹುಡುಗನಾಗಿದ್ದಾಗ ಶಿರ್ವದ ಆಸ್ಪತ್ರೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇತ್ತು. ನರ್ಸಮ್ಮ ಮನೆಮನೆಗೆ ಬಂದು, ಗರ್ಭಕೋಶದೊಳಗೆ ಇಡುವುದಕ್ಕೆ "ವಂಕಿ" ಎಂದು ಪಿಸುಗುಡುತ್ತಿದ್ದರು. ನನ್ನ ಅಮ್ಮ ನಮ್ಮನ್ನು ಹೊರಗೆ ಕಳಿಸುತ್ತಿದ್ದಳು. ಆ ಪದ ಈಗ ಯಾರಿಗೆ ಗೊತ್ತು? ಇನ್ನೊಂದು ಕಡೆ ಸರ್ಕಾರಿ ಕನ್ನಡ, "ಸಂತಾನ ನಿಯಂತ್ರಣ ವಿಧಾನಗಳ ವೈಫಲ್ಯ ಪ್ರಮಾಣ." ಇದನ್ನೇ ತಲೆಬರಹ ಮಾಡಿದೆ. ಬೇರೆ ಹೊಳೆಯಲಿಲ್ಲ.

ಏಪ್ರಿಲ್ 29, ಮಂಗಳವಾರ

ನಾರ್ಬರ್ಟ್ ಸಿಕ್ಕಿದ. ಕಾರ್ಕಳದವನು, ಬಸ್ ನಿಲ್ದಾಣದ ಹತ್ತಿರದ ಫಾರ್ಮಸಿಯಲ್ಲಿ ಇದ್ದಾನೆ. ಮೊದಲೆಲ್ಲ ಚರ್ಚಿನಲ್ಲಿ ಮಾತ್ರ ಭೇಟಿ. ಇವತ್ತು ಬ್ಯಾಂಕಿನ ಸರದಿಯಲ್ಲಿ ನನ್ನ ಹಿಂದೆಯೇ ನಿಂತಿದ್ದ. ಕುಶಲ ಮಾತಾಡಿದ ಮೇಲೆ ಧ್ವನಿ ತಗ್ಗಿಸಿ, "ಇನ್ನೂ ಆಗ್ಲಿಲ್ವಾ? ನಾನೂ ನನ್ನ ಹೆಂಡತಿಯೂ ನಿಮ್ಮಿಬ್ಬರಿಗಾಗಿ ಪ್ರಾರ್ಥನೆ ಮಾಡ್ತಾ ಇದ್ದೇವೆ" ಎಂದ.

ಎಂತದು ಆಗುವುದು ಎಂದು ಕೇಳಿದೆ.

"ನಾಲ್ಕನೆಯದು" ಎಂದ. "ನಿಮ್ಮ ಮಿಸೆಸ್ ತಿಂಗಳು ತಿಂಗಳು ನಮ್ಮಲ್ಲಿಂದ ಟೆಸ್ಟ್ ಕಿಟ್ ತಗೊಂಡು ಹೋಗ್ತಾರಲ್ಲ, ವರ್ಷಗಟ್ಟಲೆ ಆಯ್ತು. ಅಷ್ಟು ಆಸೆ ಇದ್ದವರಿಗೆ ದೇವರು ಕೊಡದೆ ಇರ್ಲಿಕ್ಕಿಲ್ಲ."

ಹೂಂ ಎಂದೆ. ನನ್ನ ಸರದಿ ಬಂತು. ಕೌಂಟರಿಗೆ ಹೋಗಿ, ಯಾಕೆ ಬಂದೆನೆಂದು ಮರೆತು ನಿಂತೆ.

ಏಪ್ರಿಲ್ 30, ಬುಧವಾರ

ಲೂರ್ದ್ ಮಧ್ಯಾಹ್ನ ಬಸ್ಸಿನಿಂದ ಬಂದು ಊಟಕ್ಕೆ ಬಡಿಸಿದಳು. ಕಿರಿಯ ಮಗ ಜುವಾಕಿಂ ಒಳಗೆ ಟಿ.ವಿ. ನೋಡುತ್ತಿದ್ದ. ಅವನಿಗೆ ಈಗ ಐದು. ದಿನ ಎಣಿಸುತ್ತಿದ್ದಾಗಲೇ ಹುಟ್ಟಿದವನು. ನಾನು ನಾರ್ಬರ್ಟ್ ಹೇಳಿದ್ದನ್ನು ಹೇಳಿದೆ.

ಅವಳು ಕೈ ತೊಳೆದುಕೊಂಡು ಬಂದು ಕೂತಳು. "ನಿಮ್ಮ ಡೈರಿಯಲ್ಲಿ ಸಿಕ್ಕಿಸಿಟ್ಟ ಕಾಗದ ನಾನು ಓದಿದೆ" ಎಂದಳು. "ಡೈರಿ ಓದ್ಲಿಲ್ಲ, ಕಾಗದ ಮಾತ್ರ. ದಿನ ಎಣಿಸುವವರು ಇಪ್ಪತ್ನಾಲ್ಕು ಅಂತ ಬರ್ದಿದ್ದೀರಿ. ಆ ಇಪ್ಪತ್ನಾಲ್ಕರಲ್ಲಿ ನಾನು ಎಷ್ಟನೆಯವಳು?"

ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಜುವಾಕಿಂ ಹುಟ್ಟಿದ ಮೇಲೆ ಪ್ರತಿ ತಿಂಗಳು ಎರಡು ದಿನ ತಡ ಆದ್ರೆ ಸಾಕು, ನನ್ನ ಕೈಕಾಲು ತಣ್ಣಗೆ. ಬಸ್ಸಿನಲ್ಲಿ ಮಕ್ಕಳ ತಲೆ ಎಣಿಸುವಾಗ ಎಣಿಕೆ ತಪ್ಪುತ್ತದೆ. ಅವನು ಹೊಟ್ಟೆಯಲ್ಲಿರುವಾಗ ನನಗೆ ಎಷ್ಟು ಕಷ್ಟ ಆಯ್ತು ನಿಮಗೆ ಗೊತ್ತುಂಟು. ನಿಮ್ಮ ಅಂಗಡಿಯಿಂದ ಕಿಟ್ ತರ್ಲಿಕ್ಕೆ ಆಗ್ತದಾ? ನಿಮಗೆ ಗೊತ್ತಾಗ್ತದೆ. ಅದಕ್ಕೆ ಅಲ್ಲಿಗೆ ಹೋದದ್ದು."

"ನನಗೆ ಹೇಳ್ಬಹುದಿತ್ತು" ಎಂದೆ.

"ನೀವು ಕೇಳ್ಲಿಲ್ಲ."

"ನೀನು ಚರ್ಚಿಗೆ ಹೆದರಿ ಎಣಿಸುದು ಅಂತ ನಾನು ತಿಳ್ಕೊಂಡಿದ್ದೆ."

"ಪಾಪದ ಲೆಕ್ಕ ನಾನು ಪಾದ್ರಿಯವರಿಗೆ ಒಪ್ಪಿಸ್ತೇನೆ. ಹೆದರಿಕೆಯ ಲೆಕ್ಕ ಯಾರಿಗೆ ಹೇಳುದು?" ಎಂದಳು. ಅವಳು ಅಳುವುದನ್ನು ನಾನು ನೋಡಿದ್ದು ಅವಳ ಅಪ್ಪ ತೀರಿಕೊಂಡಾಗ ಮಾತ್ರ. ಇವತ್ತು ಅಳಲಿಲ್ಲ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಐದು ವರ್ಷ, ಅರವತ್ತು ತಿಂಗಳು. ನಾನು ಪಕ್ಕದಲ್ಲೇ ಮಲಗಿದ್ದೆ.

ಮೇ 11, ಭಾನುವಾರ

ಕಾಗದವನ್ನು ಲೂರ್ದ್ ತಿದ್ದಿದಳು. ಶಾಲೆಯಲ್ಲಿ ಅವಳ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತೆಂದು ಇವತ್ತು ತಿಳಿಯಿತು. ತಲೆಬರಹವನ್ನು ಮೊದಲು ಹೊಡೆದುಹಾಕಿದಳು. "ಇದನ್ನು ಓದಿದ್ರೆ ಶಮೀಮ ಅಲ್ಲ, ತಹಸೀಲ್ದಾರ್ರು ಕೂಡ ಓಡಿಹೋಗ್ತಾರೆ." ಅದರ ಬದಲು, "ಈಗ ಮಗು ಬೇಡ ಎನ್ನುವವರಿಗೆ" ಎಂದು ಬರೆದಳು.

ತಾಮ್ರದ ಟಿ ಎನ್ನುವಲ್ಲಿ, ಅದನ್ನು ಇಡುವಾಗ ನೋವಾಗುತ್ತದೆ, ಮೊದಲ ತಿಂಗಳುಗಳಲ್ಲಿ ರಕ್ತ ಹೆಚ್ಚು ಹೋಗಬಹುದು ಎಂದು ಸೇರಿಸಿದಳು. ನಾನು ಅದನ್ನು ಬಿಟ್ಟಿದ್ದೆ, ಹೆದರುತ್ತಾರೆಂದು. "ಮೊದಲೇ ಹೇಳಿದ್ರೆ ಹೆದರುದಿಲ್ಲ. ಆಮೇಲೆ ಗೊತ್ತಾದ್ರೆ ಹೆದರುದು" ಎಂದಳು. ಮಾತ್ರೆ ಮರೆತರೆ ಏನು ಮಾಡಬೇಕು, ಎದೆಹಾಲು ಕುಡಿಸುವವರಿಗೆ ಯಾವುದು, ಯಾವುದನ್ನು ಬಿಟ್ಟರೆ ಮತ್ತೆ ಮಗುವಾಗಲು ಎಷ್ಟು ಕಾಲ ಹಿಡಿಯುತ್ತದೆ, ಗಂಡ ಒಪ್ಪದಿದ್ದರೆ? ಒಂದೊಂದೇ ಕೇಳಿದಳು. ಕೊನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಅಲ್ಲಿ ಜಾಗ ಖಾಲಿ ಬಿಡಿ ಎಂದಳು.

ಎರಡು ಗಂಟೆ ಹೊತ್ತು ಎದುರುಬದುರು ಕೂತಿದ್ದೆವು. ಚಹಾ ಆರಿಹೋಯಿತು.

ಮೇ 20, ಮಂಗಳವಾರ

ಶಮೀಮ ಕಾಗದ ಹಿಡಿದುಕೊಂಡೇ ಡಾಕ್ಟರ ಬಳಿಗೆ ಹೋಗಿದ್ದಳಂತೆ. ರಕ್ತದೊತ್ತಡಕ್ಕೆ ಔಷಧ ಶುರುವಾಗಿದೆ. ಅವಳು ಆರಿಸಿದ್ದು ತಾಮ್ರದ್ದು. "ನೋವಾಗ್ತದೆ ಅಂತ ಬರ್ದದ್ದು ಸರಿ ಉಂಟು" ಎಂದು ದೂರಿನಂತೆ ಹೇಳಿ ನಕ್ಕಳು. ಕಾಗದದ ಫೋಟೋ ತೆಗೆದು ಬನಿಯಾಸಿನ ನಾದಿನಿಗೆ ಕಳಿಸಿದ್ದಾಳೆ.

ಮ್ಯಾನೇಜರ್‌ನ ಕೈಗೂ ಒಂದು ಪ್ರತಿ ಸಿಕ್ಕಿದೆ. ಓದಲು ಬಾರದು. ಇದು ಯಾವ ಧರ್ಮದ್ದು ಎಂದು ಕೇಳಿದ. ಔಷಧದ್ದು ಎಂದೆ.

ಜೂನ್ 5, ಗುರುವಾರ

ಮೂರು ತಿಂಗಳಿನಿಂದ ಬಾಗಿಲ ಗಂಟೆ ಸದ್ದಾದಾಗೆಲ್ಲ ಇಲಾಖೆಯವರೆಂದು ಬಾಗಿಲ ಕಡೆ ತಿರುಗುತ್ತಿದ್ದೆ. ಇವತ್ತು ನಾನೇ ಮೊಹಿಯುದ್ದೀನರ ಅಂಗಡಿಗೆ ಹೋದೆ. ಅವರು ಬಟ್ಟೆಯ ಸುರುಳಿಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ಗಿರಾಕಿಗಳಿರಲಿಲ್ಲ.

"ದೂರು ಕೊಡ್ಲಿಲ್ಲ ಅಂತ ತಿಳ್ಕೊಳ್ಳಿಕ್ಕೆ ಬಂದ್ರಾ?" ಎಂದರು.

"ಇಲ್ಲ. ಕೊಡುವುದಾದ್ರೆ ನಾನೇ ಸಹಿ ಹಾಕ್ತೇನೆ ಅಂತ ಹೇಳ್ಲಿಕ್ಕೆ ಬಂದೆ."

ಹಾಗೆನ್ನಬೇಕೆಂದು ದಾರಿಯಲ್ಲೆಲ್ಲ ಹೇಳಿಕೊಂಡು ಹೋಗಿದ್ದೆ.

ಅವರು ಬಟ್ಟೆಯ ಅಂಚು ಮಡಿಸಿದರು. "ದೂರು ಕೊಟ್ರೆ ಅವಳು ಏನು ತಗೊಳ್ತಿದ್ದಳು ಅಂತ ಕಾಗದದಲ್ಲಿ ಬರೀಬೇಕಲ್ಲ. ನಾಳೆ ಇಡೀ ಸೂಕ್ ಓದ್ತದೆ. ಅವಳಿಗೆ ಆದದ್ದು ಸಾಕು." ಆಮೇಲೆ, "ನಮಗೆ ಎರಡು ಮಕ್ಕಳು, ಮೂರನೆಯದು ಹೊಟ್ಟೆಯಲ್ಲೇ ಹೋಯ್ತು. ಮತ್ತೊಂದು ಆಗ್ಲಿ ಅಂತ ನಾನು ಹೇಳ್ತಾ ಇದ್ದೆ. ಆಗ್ಲಿ ಅಂತ ಅವಳೂ ಹೇಳ್ತಾ ಇದ್ದಳು. ಬೇಡ ಅಂತ ಅವಳು ನನಗೆ ಹೇಳ್ಲಿಲ್ಲ, ನಿಮಗೆ ಹೇಳಿದಳು. ಅದು ಎಂತಕ್ಕೆ? ದಿನಾ ಅದನ್ನೇ ಯೋಚನೆ ಮಾಡ್ತೇನೆ" ಎಂದರು.

"ನನಗೂ ಹೇಳ್ಲಿಲ್ಲ, ಸಾಹೇಬ್ರೇ. ನನ್ನದು ಕೊಡಿ ಅಂದ್ರು. ನಾನು ಕೊಟ್ಟೆ. ಅಷ್ಟೇ ಮಾತು."

ಹೊರಡುವಾಗ ಕೈ ಮುಗಿದು, "ಮಾಫಿ ಕೇಳ್ತೇನೆ" ಎಂದೆ.

"ಮಾಫಿ" ಎಂದರು ಅವರು, ತಲೆ ಎತ್ತದೆ. ಅರಬ್ಬಿಯಲ್ಲಿ ಆ ಮಾತಿಗೆ 'ಇಲ್ಲ' ಎಂದರ್ಥ. ಅವರು ಯಾವ ಭಾಷೆಯಲ್ಲಿ ಹೇಳಿದರೋ. ಕೇಳಲಿಲ್ಲ.

ಜುಲೈ 9, ಬುಧವಾರ

ರಂಜಾನ್. ಹಗಲೆಲ್ಲ ರಸ್ತೆ ಖಾಲಿ, ನಲವತ್ತೇಳು ಡಿಗ್ರಿ. ಅಂಗಡಿಯಲ್ಲಿ ಕೂತು ಕಾಗದದ ಹೊಸ ಪ್ರತಿಗಳನ್ನು ಬರೆದೆ. ಕೆಲವರು ಫೋನ್ ಮಾಡಿ ಕೇಳುತ್ತಾರೆ. ದುಬೈಯ ಅಲ್ ಕುಸೈಸಿನಿಂದ ಒಬ್ಬ ಹೆಂಗಸು ಹೆಸರು ಹೇಳದೆ ಇಪ್ಪತ್ತು ನಿಮಿಷ ಮಾತಾಡಿದಳು. ಡಾಕ್ಟರಿಗೆ ತೋರಿಸಿ ಎಂದು ಐದು ಸಲ ಹೇಳಿದೆ. "ತೋರಿಸ್ತೇನೆ, ಮೊದ್ಲು ನೀವು ಕೇಳಿ" ಎಂದಳು. ಕೇಳಿದೆ.

ಆಗಸ್ಟ್ 24, ಭಾನುವಾರ

ಲೂರ್ದ್‌ಗೆ ಕ್ಲಿನಿಕ್ಕಿನಲ್ಲಿ ಸೆಪ್ಟೆಂಬರ್ ಹನ್ನೊಂದು, ಗುರುವಾರಕ್ಕೆ ದಿನ ಕೊಟ್ಟಿದ್ದಾರೆ. ತಾಮ್ರದ್ದೇ ಎಂದು ಅವಳು ನಿರ್ಧರಿಸಿದ್ದಾಳೆ. ಅವಳಿಗೆ ಮೊದಲೇ ರಕ್ತ ಹೆಚ್ಚು ಹೋಗುತ್ತದೆ, ಹಿಮೋಗ್ಲೋಬಿನ್ ಕಡಿಮೆ. ಕಬ್ಬಿಣದ ಮಾತ್ರೆ ತಂದುಕೊಟ್ಟಿದ್ದೇನೆ. ತಡೆದುಕೊಳ್ಳುತ್ತೇನೆ ಎಂದಳು.

ಸೆಪ್ಟೆಂಬರ್ 7, ಭಾನುವಾರ

ಬೆಳಿಗ್ಗೆ ಹನ್ನೊಂದಕ್ಕೆ ಫಹಮೀದಾ ಟೀಚರ್ ಬಂದರು.

ಏಳು ತಿಂಗಳಾಯಿತು ಅವರನ್ನು ನೋಡಿ. ಕೋಲು ಹಿಡಿದು ನಡೆಯುತ್ತಾರೆ. ಬಲಗಾಲು ಸ್ವಲ್ಪ ಎಳೆಯುತ್ತದೆ. ಜೊತೆಗೆ ಮೊಹಿಯುದ್ದೀನ್ ಇದ್ದರು. ಅವರು ನನ್ನ ಮುಖ ನೋಡದೆ ತೂಕದ ಯಂತ್ರದ ಬಳಿ ನಿಂತರು. ಟೀಚರ್ ಕೌಂಟರಿಗೆ ಬಂದು ಎಡಗೈಯನ್ನು ಗಾಜಿನ ಮೇಲೆ ಇಟ್ಟು ಸುಧಾರಿಸಿಕೊಂಡರು.

ನಾನು ಸ್ಟೂಲ್ ತಂದು ಹಾಕಿದೆ. ಏನು ಹೇಳಬೇಕೆಂದು ಆರು ತಿಂಗಳು ಯೋಚಿಸಿದ್ದು ಯಾವುದೂ ನೆನಪಿಗೆ ಬರಲಿಲ್ಲ. "ಟೀಚರ್, ನಾನು ಕೇಳ್ಬೇಕಿತ್ತು" ಎಂದೆ.

ಅವರು ತಲೆಯಾಡಿಸಿದರು. ಹೌದು ಎನ್ನುವ ಹಾಗೆ. ನನ್ನನ್ನು ಸಮಾಧಾನ ಮಾಡಲು ಅವರು ಬಂದಿರಲಿಲ್ಲ.

ಕೈಚೀಲದಿಂದ ನಮ್ಮ ಕಾಗದ ತೆಗೆದರು. ಎಷ್ಟು ಕೈ ದಾಟಿತ್ತೋ, ಮಡಿಕೆಗಳಲ್ಲಿ ಹರಿದಿತ್ತು. ಈಸ್ಟ್ರೋಜನ್ ಮಾತ್ರೆಯ ಸಾಲಿನ ಮೇಲೆ ಯಾರೋ ಅಡ್ಡಗೆರೆ ಎಳೆದಿದ್ದರು. ಮಾತು ಒಂದೊಂದೇ ಬಂತು. "ಡಾಕ್ಟರ್... ತಾಮ್ರ... ಅಂತಾರೆ."

"ಆಗ್ತದೆ" ಎಂದೆ. "ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದೀರಿ, ಹಾಗಾಗಿ ರಕ್ತ ಸ್ವಲ್ಪ ಹೆಚ್ಚು ಹೋಗ್ಬಹುದು. ಅದನ್ನು ಡಾಕ್ಟರಿಗೆ ಹೇಳಿ. ಬೇರೆಯದೂ ಉಂಟು." ಅಲ್ಲಿಗೆ ನಿಲ್ಲಿಸಿ, "ನಿಮಗೆ ಯಾವುದು ಬೇಕು?" ಎಂದು ಕೇಳಿದೆ.

ಅವರು ಬಾಯಿ ತೆರೆದರು. ಪದ ಬರಲಿಲ್ಲ. ಅಷ್ಟರಲ್ಲಿ ಇನ್ನಿಬ್ಬರು ಗಿರಾಕಿಗಳು ಬಂದು ಹಿಂದೆ ನಿಂತರು. ಒಬ್ಬ ಗಡಿಯಾರ ನೋಡಿಕೊಂಡ. ನಾನು ಸುಮ್ಮನೆ ಕಾದೆ. ಅವರ ತುಟಿ ಒಂದು ಕಡೆ ಮಾತ್ರ ಅಲುಗುತ್ತಿತ್ತು. ಹಣೆಯಲ್ಲಿ ಬೆವರು ಮೂಡಿತು. ಮೊಹಿಯುದ್ದೀನ್ ಯಂತ್ರದ ಬಳಿಯಿಂದ ಎರಡು ಹೆಜ್ಜೆ ಬಂದು, "ಅವಳು ಹೇಳುದು..." ಎಂದು ಶುರುಮಾಡಿದರು. ಟೀಚರ್ ಎಡಗೈ ಎತ್ತಿ ತಡೆದರು.

"ನನ್ನ... ಸರದಿ..." ಎಂದರು. ಉಸಿರು ತೆಗೆದುಕೊಂಡರು. "ಮುಗೀತು."

ಹೇಳಿ, ಗಂಡನ ಕಡೆ ನೋಡಿದರು. ಕೋಪವಿರಲಿಲ್ಲ. ಪಾಠ ಒಪ್ಪಿಸಲು ಒಬ್ಬ ವಿದ್ಯಾರ್ಥಿಯನ್ನು ಎಬ್ಬಿಸಿದ ಹಾಗೆ ಅಷ್ಟೇ.

ಮೊಹಿಯುದ್ದೀನ್ ಅಲ್ಲೇ ನಿಂತರು. ಕಿವಿ ಕೆಂಪಾಯಿತು. ಅವರು ಹೊರಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಹೆಂಡತಿಯ ಪಕ್ಕಕ್ಕೆ ಬಂದು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಬೆರಳಿಟ್ಟು ಓದಿದರು. ನಿಧಾನಕ್ಕೆ ಓದಿ, ನಿರೋಧ್ ಎಂದಿದ್ದ ಸಾಲಿನಲ್ಲಿ ಬೆರಳು ನಿಲ್ಲಿಸಿದರು. ಆಮೇಲೆ, "ಇದು ಹದಿನೆಂಟು ಅಂತ ಉಂಟು. ಎರಡು ಮಾಡ್ಲಿಕ್ಕೆ ಎಂತ ಮಾಡ್ಬೇಕು?" ಎಂದರು.

ಹೇಳಿದೆ. ಹಿಂದಿನವರು ಕಾದರು. ಪ್ರತಿ ಸಲ, ಮೊದಲಿನಿಂದಲೇ, ಒಂದು ದಿನವೂ ಬಿಡದೆ ಎಂದೆ. ಇನ್ನೂ ಧೈರ್ಯ ಬೇಕಿದ್ದರೆ ಗಂಡಸಿನ ಆಪರೇಷನ್ನಿನ ಕೊನೆಯ ಸಾಲು ಓದಿ, ಡಾಕ್ಟರ ಹತ್ತಿರ ಮಾತಾಡಿ ಎಂದೆ. ಅವರು ಕೊನೆಯ ಸಾಲನ್ನೂ ಓದಿ, ಕಾಗದ ಮಡಿಸಿ ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ಟೀಚರ್ ಎದ್ದು ನಿಲ್ಲಲು ನಾನು ಕೈ ಕೊಡಹೋದೆ. ಅವರು ನನ್ನ ಕೈ ಹಿಡಿಯದೆ ಕೋಲನ್ನೇ ಊರಿ ಎದ್ದರು.

ಮನೆಗೆ ಬಂದು ಲೂರ್ದ್‌ಗೆ ಎಲ್ಲವನ್ನೂ ಹೇಳಿದೆ. ಅವಳು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಕೈ ನಿಲ್ಲಿಸಿ, "ಹಾಗಂದ್ರಾ?" ಎಂದಳು. ನೀರು ಬಸಿದಳು. ಮತ್ತೆ ನೀರು ಹಾಕಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, "ಹಾಗಂದ್ರಾ?" ಎಂದಳು.

"ಗುರುವಾರ ಹೋಗ್ಲಿಕ್ಕೆ ನಿನಗೆ ಮನಸ್ಸುಂಟಾ?" ಎಂದು ಕೇಳಿದೆ.

ಅಕ್ಕಿಯ ಪಾತ್ರೆಯನ್ನೇ ನೋಡುತ್ತ, "ಇಲ್ಲ" ಎಂದಳು.

"ಡಿಸೆಂಬರಲ್ಲಿ ಊರಿಗೆ ಹೋದಾಗ ನಾನು..." ಎಂದು ಶುರುಮಾಡಿದೆ. ಕಾಗದದ ಆ ಕೊನೆಯ ಸಾಲು, ದಿನಕ್ಕೆ ಹತ್ತು ಸಲ ಬೇರೆಯವರಿಗೆ ಹೇಳುವ ಮಾತು, ಅಲ್ಲಿಗೇ ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಕಾದಳು.

ಮುಗಿಸಿದೆ.